ಕಿವಿಯ ಓದು



ಕಂಪ್ಯೂಟರಿನ ಕೃತಕ ಧ್ವನಿಯು ಕನ್ನಡವನ್ನು ಎರಡು ಮೂರು ಪಟ್ಟು ವೇಗದಲ್ಲಿ ಓದಿದರೆ ನನ್ನ ಕಿವಿಗೆ ಅದು ಬಿ. ದುರ್ಗದ ಕಣದಲ್ಲಿ ರಾಗಿ ಸುರಿದ ಸದ್ದು. ಅಭ್ಯಾಸವುಳ್ಳ ಅಂಧ ವಿದ್ಯಾರ್ಥಿಗಾದರೋ ಅದೇ ಸ್ಫುಟವಾದ ಪಾಠ. ಇದು ಪವಾಡವಲ್ಲ. ‘ಬಳೆ’ಗೂ ‘ಬಾಳೆ’ಗೂ ಇರುವ ಭೇದ ಒಂದು ಮಾತ್ರೆಯದು, ವೇಗ ಹೆಚ್ಚಿದರೂ ಹ್ರಸ್ವ ದೀರ್ಘಗಳ ಪ್ರಮಾಣ ಉಳಿದರೆ ಪಳಗಿದ ಕಿವಿಗೆ ಅರ್ಥ ಕೆಡದು.

ಅಂಧರೇ ಆದ ಮೈಕೆಲ್ ಕರನ್ 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದೊಡನೆ ಇ-ಸ್ಪೀಕ್ ಎಂಬ ಧ್ವನಿಯೂ ಬರುತ್ತದೆ. ಅದು ಕನ್ನಡವನ್ನೂ ಓದಬಲ್ಲದು. ಸೂತ್ರಗಳಿಂದ ಸ್ವರಗಳನ್ನು ಕಟ್ಟುವ ಅದರ ಮಾತು ಒರಟು. ಆದರೆ ಉಚ್ಚಾರ ಸದಾ ಏಕರೂಪ. ಆದುದರಿಂದಲೇ ಕಿವಿ ಅದಕ್ಕೆ ಬೇಗ ಒಗ್ಗುತ್ತದೆ.

ಕಣ್ಣುಳ್ಳ ನಾವು ಪುಟದ ಮೇಲೆ ದೃಷ್ಟಿ ಹಾಯಿಸಿ ಬೇಕಾದಲ್ಲಿ ನಿಲ್ಲುತ್ತೇವೆ. ಆ ಸ್ವಾತಂತ್ರ್ಯ ಅವರಿಗೂ ಸಲ್ಲಬೇಕು. ನಮಗೆ ತಿಳಿಯದೆಂದು ಅವರ ಓದಿನ ವೇಗವನ್ನು ತಗ್ಗಿಸಹೊರಡುವುದು ನ್ಯಾಯವಲ್ಲ.