ಢಿಕ್ಕಿಯ ಲೆಕ್ಕ

ಕಲಬುರಗಿ ಕೋಟೆಯ 29 ಅಡಿ ಉದ್ದದ ಬಾರಾ ಗಜಿ ತೋಪನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಅಂಥ ತೋಪಿನ ಗುಂಡು ಬಡಿದರೆ ಗೋಡೆ ಎಷ್ಟು ಒಡೆದೀತು? ಆ ಕಾಲದಲ್ಲಿ ಹೊಡೆದೇ ನೋಡಬೇಕಿತ್ತು. ಈಗ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ.

ಈ ಲೆಕ್ಕಕ್ಕೆ ಕಡಿವಾಣ ಬಿದ್ದದ್ದು ಕಂಪ್ಯೂಟರ್ ಹುಟ್ಟುವ ಮೊದಲೇ. 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಗಣಿತಜ್ಞರು ಒಂದು ಮಾತು ತೋರಿಸಿಕೊಟ್ಟರು. ವಸ್ತುವನ್ನು ಚೂರು ಚೂರಾಗಿ ವಿಂಗಡಿಸಿ ಲೆಕ್ಕ ಮಾಡುವಾಗ, ಪೆಟ್ಟಿನ ಅಲೆ ಒಂದು ಚೂರನ್ನು ದಾಟುವ ಹೊತ್ತಿಗಿಂತ ಉದ್ದದ ಕಾಲದ ಹೆಜ್ಜೆ ಇಡುವಂತಿಲ್ಲ. ಉಕ್ಕಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ಚೂರು 5 ಮಿಲಿಮೀಟರ್ ಇದ್ದರೆ, ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಮುಗಿಯುವ ಢಿಕ್ಕಿಗೆ 1 ಲಕ್ಷ ಹೆಜ್ಜೆ ಬೇಕು! ತಗಡಿನ ಚೂರುಗಳ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಕೆಲಸ ಎಂಟು ಪಟ್ಟಾಗುತ್ತದೆ.

1976ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದ ಡೈನಾ-ತ್ರೀಡಿ ಪ್ರೋಗ್ರಾಮು, ಬಾಂಬು ನೆಲಕ್ಕೆ ಬಡಿಯುವುದನ್ನು ಲೆಕ್ಕ ಹಾಕಲು ಹುಟ್ಟಿದ್ದು. ಮುಂದೆ ಅದೇ ವಿದ್ಯೆ ಕಾರಿನವರ ಕೈಗೆ ಬಂತು. 1986ರ ಹೊತ್ತಿಗೆ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಕಾರು ಗೋಡೆಗೆ ಗುದ್ದುವ ಲೆಕ್ಕ ಒಂದೇ ರಾತ್ರಿಯಲ್ಲಿ ಮುಗಿಯಿತು. ಇಡೀ ಕಾರಿಗೆ ಬಳಸಿದ್ದು ಆರು ಸಾವಿರಕ್ಕಿಂತ ಕಡಿಮೆ ಚೂರು. ಇಂಥ ಲೆಕ್ಕಗಳಲ್ಲಿ ಎಂಜಿನಿಯರ್ ಟೆಡ್ ಬೆಲಿಚ್ಕೊ ಮತ್ತು ಸಂಗಡಿಗರು, ಪ್ರತಿ ಚೂರಿನ ನಾಲ್ಕು ಕಡೆ ಅಳೆಯುವ ಬದಲು ನಡುವೆ ಒಂದೇ ಕಡೆ ಅಳೆಯುವ ದಾರಿಯನ್ನು ಹದಗೊಳಿಸಿ ಬಹಳ ಸಮಯ ಉಳಿಸಿದರು.

ಇನ್ನು ನಮ್ಮೂರಿಗೆ ಬರೋಣ. ಕಮಲಾಪುರದ ಕೆಂಪು ಬಾಳೆಗೊನೆ ತುಂಬಿದ ಟೆಂಪೋ ಕಲಬುರಗಿ ದಾರಿಯಲ್ಲಿ ಗೋಡೆಗೆ ಗುದ್ದಿತೆನ್ನಿ. ನನಗೆ ಬೇಕಾದದ್ದು ಚಾಲಕನ ಕಾಲಿಗೆ ಎಷ್ಟು ಜಾಗ ಉಳಿಯಿತು ಎಂಬುದು. ಒಂದೊಂದು ಹಣ್ಣನ್ನೂ ಚಿತ್ರಿಸುವ ಅಗತ್ಯವಿಲ್ಲ, ಗೊನೆಗಳ ಒಟ್ಟು ತೂಕ ಸರಿಯಾದ ಜಾಗದಲ್ಲಿ ಕೂತರೆ ಸಾಕು. ಗೋಡೆ ಅಲುಗದು ಎಂದೇ ಇಟ್ಟುಕೊಳ್ಳಬಹುದು. ಸಣ್ಣ ಚೂರುಗಳೆಲ್ಲ ಮೂತಿಗೆ ಮತ್ತು ಕ್ಯಾಬಿನ್ನಿಗೆ. ತೋಪಿನ ಗುಂಡಿನ ಲೆಕ್ಕದಲ್ಲಿ ಇದೇ ತಿರುವುಮುರುವು: ಗುಂಡು ಗಟ್ಟಿ ಗೋಲಿ, ಸೂಕ್ಷ್ಮವೆಲ್ಲ ಗೋಡೆಗೆ.

ಹೆಜ್ಜೆ ಉದ್ದವಾಗಲೆಂದು ಸಣ್ಣ ಚೂರುಗಳಿಗೆ ಹುಸಿ ತೂಕ ಸೇರಿಸುವ ರೂಢಿಯೂ ಇದೆ. ಸೇರಿಸಿದ್ದೆಷ್ಟು ಎಂದು ಕೊನೆಗೆ ಕೂಡಿ ನೋಡಲೇಬೇಕು. ಅದು ಮಿತಿ ಮೀರಿದರೆ ಗುದ್ದಿದ್ದು ಬೇರೆಯೇ ಟೆಂಪೋ.