ಹಳೆಯ ಛಾಯಾಚಿತ್ರಗಳಲ್ಲಿ ಯೂರೋಪಿನ ಮೋಟಾರ್ ಸೈಕಲ್ ಯಾತ್ರೆ



ಕಣ್ಣಿಗೆ ಸೇರಿದ ವಿಷಯವೊಂದನ್ನು ಇಂದು ಕಿವಿಗೆ ಒಪ್ಪಿಸಬೇಕಾಗಿದೆ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಯೂರೋಪಿನ ಗುಮಾಸ್ತರೂ ಉಪಾಧ್ಯಾಯರೂ ಕುಶಲಕರ್ಮಿಗಳೂ ರಜೆ ಬಂದೊಡನೆ ಮೋಟಾರ್ ಸೈಕಲ್ಲನ್ನೇರಿ ದೇಶದಿಂದ ದೇಶಕ್ಕೆ ಸಂಚರಿಸಿದರು. ಕಾರು ಸಿರಿವಂತರ ಸೊತ್ತಾಗಿದ್ದ ದಿನಗಳವು. ಅವರು ತೆಗೆದ ಛಾಯಾಚಿತ್ರಗಳು ಹಳೆಯ ಆಲ್ಬಮ್ಮುಗಳಲ್ಲಿ ಇಂದಿಗೂ ಹೇರಳವಾಗಿ ದೊರೆಯುತ್ತವೆ. ಇದು ಬಿ.ಎಂ.ಡಬ್ಲ್ಯು., ಇದು ಬಿ.ಎಸ್.ಎ. ಎಂದು ಯಂತ್ರವನ್ನು ಗುರುತಿಸಿ ಸಂತೋಷಪಡುವವರು ಬಹಳ ಮಂದಿ. ಅದು ತಪ್ಪಲ್ಲ, ಆದರೆ ನನ್ನ ಮಟ್ಟಿಗೆ, ಹಿಂದಿನ ಚಕ್ರದ ಮಡ್‌ಗಾರ್ಡಿಗೆ ತಗುಲಿಸಿದ ಒಂದು ಸಣ್ಣ ತಗಡು ಯಂತ್ರಕ್ಕಿಂತ ಹೆಚ್ಚು ಸಂಗತಿಗಳನ್ನು ಹೇಳುತ್ತದೆ.

1909ರ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಆದ ಒಪ್ಪಂದದ ಪ್ರಕಾರ, ಪರದೇಶವನ್ನು ಪ್ರವೇಶಿಸುವ ಮೋಟಾರು ವಾಹನವು ತನ್ನ ದೇಶದ ಅಕ್ಷರವನ್ನು ಬರೆದ ಅಂಡಾಕಾರದ ಫಲಕವನ್ನು ಧರಿಸಬೇಕಾಯಿತು. ಬ್ರಿಟನ್ನಿಗೆ ಜಿ.ಬಿ., ಜರ್ಮನಿಗೆ ಡಿ., ಆಸ್ಟ್ರಿಯಕ್ಕೆ ಎ. ಚಿತ್ರದ ಮೇಲೆ ತಾರೀಖಿಲ್ಲದಿದ್ದಾಗ ಈ ಅಕ್ಷರವೇ ಆಧಾರ. ಕೊಡಕ್ ಕಂಪನಿಯವರು 1914ರಲ್ಲಿ ಹೊರತಂದ ಆಟೋಗ್ರಾಫಿಕ್ ಕ್ಯಾಮೆರಾಗಳಲ್ಲಿ, ಬೆನ್ನಿನ ಪುಟ್ಟ ಬಾಗಿಲನ್ನು ತೆರೆದು ಲೋಹದ ಕಡ್ಡಿಯಿಂದ ಫಿಲ್ಮಿನ ಅಂಚಿನಲ್ಲಿಯೇ ಊರು, ದಿನ ಬರೆಯಬಹುದಾಗಿತ್ತು. 1930ರ ದಶಕದ ಮೊದಲಲ್ಲಿ ಆ ಅನುಕೂಲ ನಿಂತುಹೋಯಿತು. ಅಷ್ಟರಲ್ಲಿ, 1925ರಲ್ಲಿ ಪೇಟೆಗೆ ಬಂದ ಲೈಕಾದಂತಹ ಸಣ್ಣ ಕ್ಯಾಮೆರಾಗಳಿಂದ ಚಿತ್ರಗಳು ಹೆಚ್ಚಿದವು, ಬರಹ ಕಡಮೆಯಾಯಿತು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಆಸ್ಟ್ರಿಯದ ಗ್ರಾಸ್‌ಗ್ಲಾಕ್ನರ್ ಘಟ್ಟದ ರಸ್ತೆಯನ್ನು ಫ್ರಾಂಟ್ಸ್ ವಾಲಕ್ ಎಂಬ ಇಂಜಿನಿಯರು ಯೋಜಿಸಿದರು. 1930ರಲ್ಲಿ ಕೆಲಸ ಮೊದಲಾಗಿ, 1935ರ ಆಗಸ್ಟ್ 3ರಂದು ಸಂಚಾರಕ್ಕೆ ತೆರೆಯಿತು. ಸುಮಾರು 48 ಕಿಲೋಮೀಟರ್ ಉದ್ದ, 36 ದೊಡ್ಡ ತಿರುವುಗಳು; 2,500 ಮೀಟರಿನವರೆಗೂ ಏರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಐನೂರು ಮೀಟರಿಗೂ ಹೆಚ್ಚು. ಅಲ್ಲಿ ತೆಗೆದ ಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆ: ಹಿಂದೆ ಹಿಮದ ಗೋಡೆ, ಮುಂದೆ ನಿಲ್ಲಿಸಿದ ಗಾಡಿ, ಚರ್ಮದ ಕೋಟು ತೊಟ್ಟು ಕನ್ನಡಕವನ್ನು ಹಣೆಗೇರಿಸಿಕೊಂಡ ಸವಾರ. ಪಕ್ಕದ ಸೈಡ್‌ಕಾರು ಬರಿದಾಗಿದ್ದರೆ, ಅದರಲ್ಲಿ ಕುಳಿತು ಬಂದವರೇ ಕ್ಯಾಮೆರಾ ಹಿಡಿದಿದ್ದಾರೆಂದು ಊಹಿಸಬಹುದು; ಬಹುಶಃ ಆತನ ಹೆಂಡತಿ.

ಈಗ ತಗಡನ್ನು ನೋಡಬೇಕು. ಯುದ್ಧಪೂರ್ವದ ಚಿತ್ರದಲ್ಲಿ ಗಾಡಿಯ ಮೇಲೆ ಎ. ಅಕ್ಷರವಿದ್ದರೆ, ಅದು 1935, 36, 37ರ ಮೂರು ಬೇಸಗೆಗಳಲ್ಲಿ ಒಂದಕ್ಕೆ ಸೇರಿದ್ದೆಂದು ಹೇಳಬಹುದು. ಚಳಿಗಾಲದಲ್ಲಿ ಹಿಮ ಬಿದ್ದು ಆ ರಸ್ತೆ ಮುಚ್ಚುತ್ತದೆ. 1938ರ ಮಾರ್ಚಿನಲ್ಲಿ ಜರ್ಮನಿಯು ಆಸ್ಟ್ರಿಯವನ್ನೇ ನುಂಗಿತು. ಡಿ. ಅಕ್ಷರವಿದ್ದರೆ ವಿಚಾರ ಇನ್ನೂ ಸ್ವಾರಸ್ಯವಾದದ್ದು. 1933ರಲ್ಲಿ ಹಿಟ್ಲರನ ಸರ್ಕಾರವು, ಆಸ್ಟ್ರಿಯಕ್ಕೆ ಹೋಗುವ ಪ್ರತಿಯೊಬ್ಬ ಜರ್ಮನನೂ ಸಾವಿರ ಮಾರ್ಕು ತೆರಬೇಕೆಂದು ವಿಧಿಸಿತು. ಪ್ರವಾಸಿಗಳಿಂದ ಬರುತ್ತಿದ್ದ ವರಮಾನವನ್ನು ಕಡಿದು ನೆರೆರಾಜ್ಯವನ್ನು ಮಣಿಸುವ ಉಪಾಯವಿದು. ಸಾವಿರ ಮಾರ್ಕೆಂದರೆ ಕಾರ್ಮಿಕನ ಹಲವು ತಿಂಗಳ ಸಂಬಳ. 1936ರ ಜುಲೈ ಒಪ್ಪಂದದ ತರುವಾಯವೇ ಅದು ರದ್ದಾದದ್ದು. ಹೀಗಾಗಿ ಆ ಘಟ್ಟದಲ್ಲಿ ನಗುತ್ತ ನಿಂತ ಜರ್ಮನ್ ಸವಾರರ ಚಿತ್ರವು ಹೆಚ್ಚಾಗಿ ಅದಕ್ಕಿಂತ ಈಚಿನದು. ತಾವು ಏರಿ ಬಂದ ಎತ್ತರವನ್ನು ಮನೆಯವರಿಗೆ ತೋರಿಸಬೇಕೆಂಬ ಆಸೆಯೊಂದೇ ಆ ಸವಾರರದು. ರಾಜಕಾರಣ ತಾನಾಗಿಯೇ ಚಿತ್ರದೊಳಕ್ಕೆ ಬಂದಿದೆ.

ಕೆಲವು ಅಕ್ಷರಗಳ ನಾಡೇ ಈಗಿಲ್ಲ. ಸೆರ್ಬ್, ಕ್ರೋಟ್, ಸ್ಲೊವೀನರ ರಾಜ್ಯದ ಎಸ್.ಎಚ್.ಎಸ್. 1929ರವರೆಗೆ ಮಾತ್ರ; ಡಾನ್ಸಿಗ್ ಸ್ವತಂತ್ರ ನಗರದ ಡಿ.ಎ. 1939ರವರೆಗೆ. ಚೆಕೊಸ್ಲೊವಾಕಿಯದ ಸಿ.ಎಸ್. 1992ರಲ್ಲಿ ಕೊನೆಗೊಂಡಿತು. ಮೈಸೂರಿನವರಿಗೆ ಈ ಕೊನೆಯ ನಾಡು ಅಪರಿಚಿತವಲ್ಲ. ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅಲ್ಲಿ ಹುಟ್ಟಿದ ಜಾವಾ, 1960ರ ದಶಕದಲ್ಲಿ ನಮ್ಮಲ್ಲಿಯೇ ತಯಾರಾಗುತ್ತಿತ್ತು.

1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲು ಪಡಿತರಕ್ಕೆ ಬಂದಿತು. ಜರ್ಮನಿಯಲ್ಲಿ ಸೈನ್ಯವು ಖಾಸಗಿ ವಾಹನಗಳನ್ನು ವಶಪಡಿಸಿಕೊಂಡಿತು. ಮುಂದಿನ ಚಿತ್ರಗಳಲ್ಲಿ ಸವಾರರು ಸಮವಸ್ತ್ರದಲ್ಲಿದ್ದಾರೆ. ಗಾಡಿಯ ಹಿಂಬದಿಯ ತಗಡಿನಲ್ಲಿ ಈಗ ಡಬ್ಲ್ಯು.ಎಚ್. ಎಂಬ ಅಕ್ಷರಗಳು; ಅವು ಜರ್ಮನ್ ಭೂಸೈನ್ಯದ ಗುರುತು.