ಗುಂಪಿನೊಳಗಣ ಪ್ರೋಟಾನು



ಒಂಟಿಯಾಗಿದ್ದ ಪ್ರೋಟಾನು ಪರಮಾಣುವಿನ ಬೀಜಕೇಂದ್ರದ ಗುಂಪು ಸೇರಿದ ಮೇಲೂ ಅದೇ ಪ್ರೋಟಾನಾಗಿ ಉಳಿಯುವುದೆ? ಉಳಿಯುತ್ತದೆಂದೇ ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಬೀಜಕೇಂದ್ರದ ಸಾಂದ್ರತೆಯೇನೋ ಭಯಂಕರ. ಅಂಥ ವಸ್ತು ಒಂದು ಘನ ಸೆಂಟಿಮೀಟರಿದ್ದರೆ ಸುಮಾರು 23 ಕೋಟಿ ಟನ್ನು ತೂಗೀತು. ಆದರೂ ಅಲ್ಲಿ ಒಂದೊಂದು ಕಣವನ್ನು ಬಿಗಿದಿರುವ ಶಕ್ತಿ, ಪ್ರೋಟಾನಿನ ರಾಶಿಯಲ್ಲಡಗಿದ ಶಕ್ತಿಯ ನೂರನೆಯ ಒಂದು ಪಾಲೂ ಅಲ್ಲ. ಅಷ್ಟಕ್ಕೆ ಅದರೊಳಗಿನ ಕ್ವಾರ್ಕುಗಳು ಕದಲುವುವೆ?

ಕದಲಿದುವು. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ಐರೋಪ್ಯ ತಂಡವೊಂದು ಮ್ಯೂಯಾನು ಕಣಗಳನ್ನು ಕಬ್ಬಿಣಕ್ಕೂ, ಸಡಿಲ ಬೀಜದ ಡ್ಯೂಟೀರಿಯಮ್ಮಿಗೂ ಹೊಡೆದು ಹೋಲಿಸಿ, 1983ರಲ್ಲಿ ಫಲಿತಾಂಶ ಪ್ರಕಟಿಸಿತು. ಸಂವೇಗದ ದೊಡ್ಡ ಪಾಲು ಹೊತ್ತ ಕ್ವಾರ್ಕುಗಳು ಕಬ್ಬಿಣದಲ್ಲಿ ಕಡಿಮೆಯಾಗಿದ್ದುವು.

ಸಾಂದ್ರತೆ ಹೆಚ್ಚಿದಷ್ಟೂ ಬದಲಾವಣೆ ಹೆಚ್ಚು ಎಂದು ಆಮೇಲೆ ತೋರಿತು. ಈ ಲೆಕ್ಕ ಕೆಡಿಸಿದ್ದು ಬೆರಿಲಿಯಮ್. ಅದರ ಸರಾಸರಿ ಸಾಂದ್ರತೆ ಕಡಿಮೆ. ಆದರೂ ಅಮೆರಿಕದ ಜೆಫರ್ಸನ್ ಪ್ರಯೋಗಾಲಯದ 2009ರ ವರದಿಯಲ್ಲಿ ಅದರ ಬದಲಾವಣೆ ಇಂಗಾಲದ್ದಕ್ಕೆ ಸರಿಸುಮಾರು ಸಮನಾಗಿತ್ತು. ಬೆರಿಲಿಯಮ್ಮಿನ ಒಂಬತ್ತು ಕಣಗಳಲ್ಲಿ ಎಂಟು, ನಾಲ್ಕು ನಾಲ್ಕರ ಎರಡು ಬಿಗಿ ಗುಂಪುಗಳಾಗಿ ಕೂಡಿಕೊಳ್ಳುತ್ತವೆ. ಊರೆಲ್ಲ ಬಯಲಿದ್ದರೂ ಎರಡೇ ಚಾಳುಗಳಲ್ಲಿ ಜನ ತುಂಬಿಕೊಂಡ ಹಾಗೆ. ಮುಂಬಯಿಯ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ! ಅಂತೂ ಎಣಿಕೆಗೆ ಬರುವುದು ಊರಿನ ಸರಾಸರಿಯಲ್ಲ, ಪಕ್ಕದವರು ಎಷ್ಟು ಹತ್ತಿರ ಎಂಬುದು.

ಎಲ್ಲ ಪ್ರೋಟಾನುಗಳೂ ಸ್ವಲ್ಪ ಸ್ವಲ್ಪ ಬದಲಾಗುವುವೋ, ಕ್ಷಣಕಾಲ ಮೈಗೆ ಮೈ ತಾಗುವ ಜೋಡಿಗಳು ಮಾತ್ರ ಬಹಳವಾಗಿ ಬದಲಾಗುವುವೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ.